ಬೆಚ್ಚನೆಯ ಜಾಗ

ಬಾಗಿಲು ಸರಿಸಿ ಒಳಬಂದವಳು ಹೆಂಡತಿ ಮಿರಾನ್ ಎಂದು ತಿಳಿದರೂ ದುಕ್‌ಸು ಎದ್ದು ನಿಲ್ಲಲಿಲ್ಲ. ಅವನ ಸ್ವೆಟರಿನೊಳಗೆ, ಎದೆಗೆ ಅಂಟಿಕೊಂಡು ಗಡ್ಡದ ಓತಿ ಮಲಗಿತ್ತು. ಗಾಜಿನ ಪೆಟ್ಟಿಗೆ ತೊಳೆದಾಗ, ಅದು ಒಣಗಿ ಮತ್ತೆ ದೀಪದ ಶಾಖ ಹಿಡಿಯುವವರೆಗೆ ಓತಿಯನ್ನು ಹೀಗೆ ಮೈಗಿಟ್ಟುಕೊಳ್ಳುವುದು ಅವನಿಗೆ ರೂಢಿಯಾಗಿತ್ತು.

"ಫೋನ್ ಮಾಡಿದ್ರೆ ಮತ್ತೆ ಚಳಿ ಅಂತೀರಿ. ಅದಕ್ಕೇ ನಾನೇ ಬಂದ್‌ಬಿಟ್ಟೆ," ಎಂದಳು ಮಿರಾನ್.

ಅವಳು ಹೇಳಿದ್ದು ನಿಜವೇ. ಓತಿಯನ್ನು ತಂದು ಸಾಕಿದವಳು ಅವಳು. ಮೊಸಳೆಯ ತಮ್ಮನನ್ನು ಮನೆಗೆ ತಂದೆಯಾ ಎಂದು ಆಗ ಅವನು ಗೇಲಿ ಮಾಡಿದ್ದ. ಮಾತುಕತೆಯೇ ಬತ್ತಿಹೋದ ಈ ಮನೆಯನ್ನು ಬಿಟ್ಟು ಅವಳು ಸಿಯೋಲ್ ನಗರಕ್ಕೆ ಹೋದಾಗ, ಅಲ್ಲಿನ ಬಾಡಿಗೆ ಕೋಣೆಯಲ್ಲಿ ಪ್ರಾಣಿ ಸಾಕಲು ಬಿಡುವುದಿಲ್ಲವೆಂದು ನುರುಂಜಿಯನ್ನು ಇಲ್ಲೇ ಬಿಟ್ಟಿದ್ದಳು. ನುರುಂಜಿ ಎಂದರೆ ತಳ ಹಿಡಿದ ಅನ್ನ; ಆ ಬಣ್ಣವೆಂದು ಓತಿಗೆ ಆ ಹೆಸರು. ಈಗ ಅವಳಿಗೆ ಪ್ರಾಣಿ ಸಾಕಬಹುದಾದ ಬೇರೆ ಮನೆ ಸಿಕ್ಕಿತ್ತು. ತೆಬೆಕ್ ಬೆಟ್ಟಗಳ ಹಿಮದಲ್ಲಿ ಇದನ್ನು ಹೊರಗೆ ಒಯ್ಯುವಂತಿಲ್ಲ, ಹೂ ಬಿಡುವ ಕಾಲ ಬರಲಿ ಎಂದು ದುಕ್‌ಸು ಹೇಳುತ್ತಲೇ ಇದ್ದ. ಹೂ ಬಿಟ್ಟಾಗ ಬೇರೆ ನೆಪ ಹುಡುಕಿದ್ದ. ಈಗ ಮತ್ತೆ ಚಳಿಗಾಲ ಬಂದಿತ್ತು. ಓತಿಯನ್ನು ಕರೆದೊಯ್ದ ಮೇಲೆ ಅವಳು ಈ ಮನೆಗೆ ಬರಲು ಕಾರಣವೇ ಉಳಿಯುವುದಿಲ್ಲ.

ಮಿರಾನ್ ಕೋಣೆಯನ್ನು ನೋಡಿದಳು. ನೆಲದಡಿಯ ಒಲೆಯ ಕಾವು ಚೆನ್ನಾಗಿ ತಾಗುವ ಮೂಲೆಯಲ್ಲಿ, ಅವಳು ಹಾಸಿಗೆ ಹಾಸುತ್ತಿದ್ದ ಜಾಗದಲ್ಲೇ, ಗಾಜಿನ ಪೆಟ್ಟಿಗೆಯಿತ್ತು. ಅವನ ಹಾಸಿಗೆ ಮಾತ್ರ ಮೊದಲಿನಂತೆ ಬಾಗಿಲ ಬಳಿಯ ತಣ್ಣನೆ ನೆಲದ ಮೇಲೇ ಇತ್ತು.

ಸೊಪ್ಪನ್ನು ಸಣ್ಣಗೆ ಹೆಚ್ಚಬೇಕು, ಹೊಟ್ಟೆಗೆ ಶಾಖ ತಾಗದಿದ್ದರೆ ತಿಂದದ್ದು ಅರಗುವುದಿಲ್ಲ, ಗಡ್ಡ ಕಪ್ಪಾದರೆ ಕೋಪವೆಂದು ತಿಳಿಯಬೇಕು ಎಂದೆಲ್ಲ ಅವನು ಹೇಳುತ್ತ ಹೋದ. ಎಲ್ಲವೂ ಒಂದು ಕಾಲಕ್ಕೆ ಅವಳೇ ಅವನಿಗೆ ಹೇಳಿದ್ದು. ಆಗ ಕಿವಿಗೊಡದವನ ಬಾಯಿಂದ ಈಗ ಅದನ್ನೇ ಅವಳು ಕೇಳಿಸಿಕೊಂಡಳು. ಇನ್ನೊಂದು ಮಾತೂ ಅವನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವಳು ಬಸ್ಸಿನ ಹೊತ್ತಾಯಿತೆಂದಳು.

ಬಸ್ ನಿಲ್ದಾಣದವರೆಗೂ ಓತಿ ಅವನ ಎದೆಯ ಮೇಲೇ ಇತ್ತು. ಅಲ್ಲಿ ಅವಳು ಕೈ ಚಾಚಿದಳು.

"ಇರು. ಇಷ್ಟು ತಣ್ಣಗಿರೋ ಕೈಲಿ ಮುಟ್ಬೇಡ. ಬೆಚ್ಚಿಬೀಳತ್ತೆ."

ಅವಳ ಎರಡೂ ಕೈಗಳನ್ನು ತನ್ನ ಅಂಗೈಗಳ ನಡುವೆ ಹಿಡಿದು ಉಜ್ಜಿದ. ಬಾಯಿಯ ಹತ್ತಿರ ತಂದು ಬಿಸಿಯುಸಿರು ಬಿಟ್ಟ. ಅವಳು ಕೈ ಎಳೆದುಕೊಳ್ಳಲಿಲ್ಲ. ಬೆರಳುಗಳು ಕೆಂಪಗಾದ ಮೇಲೂ ಅವನು ಉಜ್ಜುತ್ತಲೇ ಇದ್ದ.

"ಸಾಕು, ರೀ," ಎಂದಳು ಮೆಲ್ಲಗೆ. "ಬೆಚ್ಚಗಾಯ್ತು."

ಓತಿಯನ್ನು ಅವಳ ಕೋಟಿನೊಳಗೆ ಸೇರಿಸಿ, ಗುಂಡಿಗಳನ್ನು ಅವನೇ ಹಾಕಿದ. ಬಸ್ಸು ಹೊರಟಿತು. ಅವನು ಕೈ ಎತ್ತಿದ. ಕಿಟಕಿಯಾಚೆ ಮಿರಾನ್ ಅವನನ್ನೇ ನೋಡುತ್ತಿದ್ದಳು. ಅವಳ ಎರಡೂ ಕೈ ಕೋಟಿನೊಳಗೆ ಓತಿಯ ಮೇಲಿದ್ದವು.