ಇಪ್ಪತ್ತರ ಮನೆಗೆ ಮೂರು ಟಿಕೆಟು

ಮುಂದಿನ ಗಾಜಿನ ಮೇಲೆ ಹಸಿರು ಹುಳುವೊಂದು ಅಪ್ಪಚ್ಚಿಯಾಗಿದೆ, ಒಂದು ರೆಕ್ಕೆ ಮಾತ್ರ ಗಾಳಿಗೆ ಇನ್ನೂ ಪಟಪಟ ಅನ್ನುತ್ತಿದೆ, ಅದರಾಚೆ ಮೆಕ್ಕೆಜೋಳದ ಹೊಲ, ಅದು ಮುಗಿದರೆ ಸೋಯಾ, ಅದೂ ಮುಗಿದರೆ ಮತ್ತೆ ಜೋಳ, ಒಹಾಯೊದಲ್ಲಿ ಜೂನ್ ಅಂದರೆ ಇಷ್ಟೇ, ಟೆಸ್ಸಾಳಿಗೆ ಆ ರೆಕ್ಕೆಯಿಂದ ಕಣ್ಣು ಕೀಳಲಾಗುತ್ತಿಲ್ಲ, ನೀರು ಹಾಯಿಸಿ ಒರೆಸಿಬಿಡಬಹುದು, ಆದರೆ ಕಾರು ಓಡಿಸುತ್ತಿರುವುದು ಡಾರ್ಲಾ, ಅವಳ ಅತ್ತೆ, ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದ ಹೆಂಗಸು, ಪಕ್ಕದಲ್ಲಿ ಕೂತವರು ಒಂದು ಗುಂಡಿ ಮುಟ್ಟಿದರೂ ಆಗದು. ಹಿಂದಿನ ಸೀಟಿನಲ್ಲಿ ಟೆಸ್ಸಾಳ ಗಂಡ ಕ್ಲೇಟನ್‌ನ ನೀಲಿ ಪುಸ್ತಕ, ಡಾರ್ಲಾ ಅದನ್ನು ಟವೆಲಿನಲ್ಲಿ ಸುತ್ತಿ ಬೆಲ್ಟು ಹಾಕಿ ಕೂರಿಸಿದ್ದಾಳೆ, ಅಮೆರಿಕದ ಮಾಜಿ ಅಧ್ಯಕ್ಷರ ಒಂದೊಂದು ಮನೆಗೂ ಹೋಗಿ ಆ ದಿನದ ಮೊಹರು ಒತ್ತಿಕೊಂಡು ಬರುವ ಪುಸ್ತಕ, ಈ ರಾಜ್ಯದಲ್ಲಿ ಅವನಿಗೆ ನಾಲ್ಕು ಮನೆ ಉಳಿದಿದ್ದವು, ನಾಲ್ಕನ್ನೂ ಮುಗಿಸೋಣ ಮರಿ, ಅರ್ಧಕ್ಕೆ ಬಿಡೋದು ಅವನಿಗೆ ಸೇರ್ತಿರ್ಲಿಲ್ಲ, ಅಂದಳು ಡಾರ್ಲಾ ಮೇ ತಿಂಗಳಲ್ಲಿ, ಟೆಸ್ಸಾ ಆಗಲಿ ಅಂದಳು, ಈ ಏಳು ತಿಂಗಳಿಂದ ಎಲ್ಲದಕ್ಕೂ ಅವಳು ಅನ್ನುವುದು ಅದನ್ನೇ, ಆಗಲಿ.

ಆ ಅಧ್ಯಕ್ಷರನ್ನು ಕ್ಲೇಟನ್ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಎಷ್ಟನೆಯ ಅಧ್ಯಕ್ಷನೋ ಆ ಅಂಕಿಯೇ ಹೆಸರು, ಹೈಸ್ಕೂಲಿನ ಇತಿಹಾಸದ ಮೇಷ್ಟ್ರು ಅವನು, ಇಪ್ಪತ್ತೇಳು ಬಲು ದಪ್ಪ, ಇಪ್ಪತ್ತೊಂಬತ್ತು ಮನೆಯ ಜಗಲಿ ಮೇಲೆ ನಿಂತು ಭಾಷಣ ಮಾಡಿಯೇ ಚುನಾವಣೆ ಗೆದ್ದ, ಹೀಗೆ, ಪಕ್ಕದ ಮನೆಯವರ ಸುದ್ದಿ ಹೇಳಿದ ಹಾಗೆ, ಹಲ್ಲುಜ್ಜುತ್ತಲೇ, ಬಾಯಿ ತುಂಬ ನೊರೆ. ಮೊಹರನ್ನು ನೇರವಾಗಿ ಪುಸ್ತಕಕ್ಕೆ ಒತ್ತುವವನಲ್ಲ, ಶಾಯಿ ಸರಿಯಿದೆಯೇ ನೋಡಬೇಕೆಂದು ಮೊದಲು ಟೆಸ್ಸಾಳ ಮಣಿಕಟ್ಟಿನ ಒಳಬದಿಗೆ ಒತ್ತುತ್ತಿದ್ದ, ತಣ್ಣಗೆ, ಗುಂಡಗೆ, ತಾರೀಖು ಸಮೇತ, ಮೂರು ದಿನ ಪಾತ್ರೆ ತೊಳೆದರೂ ಹೋಗುತ್ತಿರಲಿಲ್ಲ, ಬೇರೆ ಕಾಗದ ಸಿಗಲ್ವಾ ನಿಂಗೆ, ಸಿಗತ್ತೆ, ಆದ್ರೆ ಕಾಗದ ನನ್ನ ಬೈಯಲ್ಲ — ಡಾರ್ಲಾ ಹಾಗಲ್ಲ, ಮೊನ್ನೆ ಸಿನ್ಸಿನಾಟಿಯಲ್ಲಿ ಇಪ್ಪತ್ತೇಳರ ಮನೆಯ ಮೊಹರನ್ನು ತಲೆಕೆಳಗಾಗಿ ಒತ್ತಿ, ಅಯ್ಯೋ, ಹೋಗ್ಲಿ ಬಿಡು, ಅಷ್ಟು ಭಾರದ ಮನುಷ್ಯ ಒಂದ್ಸಲ ಮಗುಚಿಕೊಂಡ್ರೆ ಏನಾಯ್ತು, ಅಂದಳು, ಸುತ್ತಲಿದ್ದವರೆಲ್ಲ ನಕ್ಕರು, ಟೆಸ್ಸಾ ತನ್ನ ತುಟಿಯೂ ಅಗಲವಾದದ್ದನ್ನು ಗಮನಿಸಿದಳು, ನಗುವಿರಬೇಕು. ಆ ಮನೆಯ ಕುರ್ಚಿಗಳ ಮೇಲೆ ಒಂದೊಂದು ಪೈನ್ ಕಾಯಿ ಇಟ್ಟಿದ್ದರು, ಯಾರೂ ಕೂರದಿರಲೆಂದು, ಫಲಕ ಬೇಕಿಲ್ಲ, ಮುಳ್ಳುಮುಳ್ಳಾದ ಕಾಯಿಯೊಂದೇ ಸಾಕು, ಅವಳ ಮನೆಯಲ್ಲಿ ಕ್ಲೇಟನ್ ಕೂರುತ್ತಿದ್ದ ಕುರ್ಚಿಯ ಮೇಲೆ ಒಗೆದ ಬಟ್ಟೆ ರಾಶಿ ಬಿದ್ದಿರುತ್ತದೆ, ಮಡಚುವುದಿಲ್ಲ, ಅಲ್ಲಿಂದಲೇ ಎಳೆದು ತೊಟ್ಟುಕೊಳ್ಳುತ್ತಾಳೆ, ರಾಶಿ ಇಳಿಯುವ ಮೊದಲೇ ಇನ್ನಷ್ಟು ಒಗೆದು ಹಾಕುತ್ತಾಳೆ.

ಆ ಒಂದು ಮಾತನ್ನು ಅವಳು ಇದುವರೆಗೂ ಬಾಯಿಬಿಟ್ಟು ಹೇಳಿಲ್ಲ. ನವೆಂಬರಿನಲ್ಲಿ, ಮೂರನೆಯ ಪೀರಿಯಡ್ಡಿನ ಗಂಟೆ ಬಾರಿಸುತ್ತಿದ್ದಾಗ, ಶಾಲೆಯ ಕಾರಿಡಾರಿನಲ್ಲಿ ಅವನ ಹೃದಯ ನಿಂತಿತು — ಇದನ್ನೆಲ್ಲ ಹೇಳಿದವಳು ಡಾರ್ಲಾ, ಬ್ಯಾಂಕಿಗೆ, ಫೋನಿನವರಿಗೆ, ಹಲ್ಲಿನ ಡಾಕ್ಟರ ಗುಮಾಸ್ತೆಗೆ, ನನ್ನ ಮಗ ತೀರಿಹೋದ, ಹೌದಮ್ಮ, ತೀರಿಹೋದ, ಇಲ್ಲ, ಬೇರೆ ದಿನಾನೂ ಬರೋಕಾಗಲ್ಲ, ಆಗೆಲ್ಲ ಟೆಸ್ಸಾ ಪಕ್ಕದಲ್ಲಿ ಕಾಫಿಯ ಲೋಟ ಹಿಡಿದು ನಿಂತಿದ್ದಳು. ನಿನ್ನೆ, ಇಪ್ಪತ್ತೊಂಬತ್ತರ ಮನೆ ಮುಗಿಸಿ ಬಂದ ಮೇಲೆ, ಫ್ರೀಮಾಂಟಿನಲ್ಲಿ, ಹತ್ತೊಂಬತ್ತರ ಮನೆ, ಮರಗಳ ನಡುವೆ, ಮನೆ ತೋರಿಸುವ ಮುದುಕಿ ಟೆಸ್ಸಾಳ ಬೆರಳಿನ ಉಂಗುರ ನೋಡಿ, ಯಜಮಾನ್ರಿಗೆ ಹಳೇ ಮನೆ ಅಂದ್ರೆ ಬೇಜಾರೇನಮ್ಮ, ಅಂದಳು, ಟೆಸ್ಸಾಳ ಬಾಯಿ ತಾನಾಗಿಯೇ, ಇಲ್ಲಮ್ಮ, ಕಾರು ನಿಲ್ಸೋಕೆ ಹೋಗಿದಾರೆ, ಎಷ್ಟು ಸಲೀಸು, ಹೇಳಿದ ಮೇಲೆ ಬಾಗಿಲ ಕಡೆ ತಿರುಗಿಯೂ ನೋಡಿದಳು. ಡಾರ್ಲಾ ಅಲ್ಲೇ ಇದ್ದಳು, ಕಾರಿನಲ್ಲಿ ಇಪ್ಪತ್ತು ಮೈಲಿ ಹೋದ ಮೇಲೆ ಅಂದಳು, ಕಾರು ನಿಲ್ಸೋಕೆ ಏಳು ತಿಂಗಳಾ, ನನ್ನ ಹೊಟ್ಟೇಲಿ ಹುಟ್ಟಿದೋನು ಅಷ್ಟು ದಡ್ಡ ಅಲ್ಲ ಕಣೆ, ಇಬ್ಬರೂ ನಕ್ಕರು, ಹೊಟ್ಟೆ ಹಿಡಿದುಕೊಂಡು ನಕ್ಕರು, ನಗು ನಿಂತಿತು, ಡಾರ್ಲಾ ಕಾರನ್ನು ಪೆಟ್ರೋಲ್ ಬಂಕಿನೊಳಗೆ ತಿರುಗಿಸಿ ಎಂಜಿನ್ ಆರಿಸಿದಳು. ನನ್ನ ಹತ್ರ ಹೇಳ್ಬೇಡ ಮರಿ, ಯಾರಿಗಾದ್ರೂ ಹೇಳು, ಗೊತ್ತಿಲ್ದೋರಿಗೆ ಹೇಳು, ನಿನ್ನ ಬಾಯಾಗಿ ನಾನೇ ಇನ್ನೆಷ್ಟು ದಿನ ಇರ್ಲಿ, ನಂಗಿನ್ನೂ ಅಳೋಕೇ ಪುರಸೊತ್ತು ಸಿಕ್ಕಿಲ್ಲ — ಬಸ್ಸು ಹತ್ತು ನಿಮಿಷ ತಡ ಅನ್ನುವಷ್ಟೇ ಸಹಜವಾಗಿ ಹೇಳಿ, ಇಳಿದು ಹೋಗಿ, ಕಡಲೆಕಾಯಿ ಬೆಣ್ಣೆಯ ಚಾಕಲೇಟು ಉಂಡೆ ಎರಡು ತಂದು ಒಂದನ್ನು ಅವಳ ಅಂಗೈಗೆ ಇಟ್ಟಳು, ತಿನ್ನು. ಆಗಿನಿಂದ ಟೆಸ್ಸಾ ಮನಸ್ಸಿನಲ್ಲೇ ಹೇಳಿ ನೋಡುತ್ತಿದ್ದಾಳೆ, ನನ್ನ ಗಂಡ, ಅಲ್ಲಿಗೇ ನಿಲ್ಲುತ್ತದೆ, ನನ್ನ ಗಂಡ, ಹೇಳದಿದ್ದರೆ ಎಲ್ಲೋ ಒಂದು ಕಾರು ಇನ್ನೂ ಜಾಗ ಹುಡುಕುತ್ತಿರುತ್ತದೆ, ಸಾಲು ಸಾಲು ಸುತ್ತುತ್ತ, ಹೇಳಿದರೆ ಅದೂ ಇಲ್ಲ.

ಮೆಂಟರ್ ಊರು ಬಂತು, ಇಪ್ಪತ್ತರ ಮನೆ, ಇದೇ ಕೊನೆಯದು, ಗುಂಡೇಟು ತಿಂದು ಸತ್ತವನು, ಅವನ ಹೆಂಡತಿ ಆಮೇಲೆ ಅವನ ಕಾಗದಪತ್ರಕ್ಕೆ, ಪುಸ್ತಕಕ್ಕೆ ಅಂತಲೇ ಮನೆಗೆ ಕೋಣೆ ಸೇರಿಸಿ ಕಟ್ಟಿಸಿದಳು, ಅವನಿಲ್ಲದೆ ಮೂವತ್ತಾರು ವರ್ಷ ಬದುಕಿದಳು, ಹೇಳಿದ್ದು ಕ್ಲೇಟನ್, ಮೂವತ್ತಾರು, ಟೆಸ್ಸಾಳಿಗೆ ಈಗ ಮೂವತ್ತೆರಡು. ಡಾರ್ಲಾ ಕಿಂಡಿಯಿಂದ ಟಿಕೆಟು ತಂದಳು, ಜಗಲಿಯ ಮೇಲೆ ಎಂಟು ಹತ್ತು ಜನ ಸೇರಿದರು, ಅಗಲ ಅಂಚಿನ ಟೋಪಿಯ ಹುಡುಗಿ, ಮನೆ ತೋರಿಸುವವಳು, ಬಾಗಿಲಿಗೆ ಅಡ್ಡ ಕಟ್ಟಿದ ಕೆಂಪು ಹಗ್ಗದ ಹಿತ್ತಾಳೆ ಕೊಕ್ಕೆ ಬಿಚ್ಚಿ ಕೈಯಲ್ಲಿ ಹಿಡಿದು, ಟಿಕೆಟು ನೋಡಿ, ತಲೆ ಎಣಿಸಿ, ಒಬ್ರು ಕಡಿಮೆ ಇದಾರಲ್ಲ, ನಿಮ್ದು ಮೂರು ಅಲ್ವಾಮ್ಮ, ಮೂರನೆಯವರು ಬರ್ಲಿ. ಡಾರ್ಲಾ ತನ್ನ ಕೈ ನೋಡಿಕೊಂಡಳು. ಮೂರು ಟಿಕೆಟು. ಹಿರಿಯ ನಾಗರಿಕರದು ಒಂದು, ದೊಡ್ಡವರದು ಎರಡು, ಮಗನ ಮದುವೆಯಾದ ಮೇಲೆ ಎಲ್ಲಿಗೆ ಹೋದರೂ ಕಿಂಡಿಯಲ್ಲಿ ಅವಳು ಕೇಳುತ್ತಿದ್ದದ್ದು ಅಷ್ಟೇ, ಇವತ್ತೂ ಕೇಳಿದ್ದಾಳೆ, ಕೇಳಿದ್ದು ಅವಳಿಗೇ ಗೊತ್ತಾಗಿಲ್ಲ. ಗುಂಪಿನಲ್ಲಿ ಒಂದೇ ಬಣ್ಣದ ಅಂಗಿ ತೊಟ್ಟ ಗಂಡಹೆಂಡತಿ, ಅವರಲ್ಲಿ ಗಂಡ ಅನ್ನುತ್ತಾನೆ, ಬಾತ್‌ರೂಮಲ್ಲಿರ್ಬೇಕು ಬಿಡಿ, ಅಲ್ಲಿ ದೊಡ್ಡ ಸಾಲಿದೆ, ನಾನೇ ಈಗ ಬಂದೆ, ಹೆಂಡತಿ ಅವನ ಪಕ್ಕೆ ತಿವಿಯುತ್ತಾಳೆ, ನಿನ್ನ ಸುದ್ದಿ ಯಾರು ಕೇಳಿದ್ರು. ಡಾರ್ಲಾಳ ಬಾಯಿ ತೆರೆದಿದೆ, ಏಳು ತಿಂಗಳು ಊರಿಗೆಲ್ಲ ಹೇಳಿದ ಬಾಯಿ, ಏನೂ ಬರುತ್ತಿಲ್ಲ. ಹುಡುಗಿ ಕೊಕ್ಕೆ ಹಿಡಿದೇ ನಿಂತಿದ್ದಾಳೆ, ಪರ್ವಾಗಿಲ್ಲ ನಿಧಾನ, ಕಾಯ್ತೀವಿ, ಎಷ್ಟು ಒಳ್ಳೆಯ ಹುಡುಗಿ, ಕಾಯುತ್ತಾಳೆ, ಹಗ್ಗ ನೆಲಕ್ಕೆ ಜೋತಿದೆ, ಕೊಕ್ಕೆ ಅವನಿಗೆಂದೇ ಬಿಚ್ಚಿಕೊಂಡಿದೆ, ಅವನು ಮೆಟ್ಟಿಲು ಹತ್ತಿ ಬಂದು ತಲೆ ಬಗ್ಗಿಸಿ ಒಳಗೆ ಹೋಗಬಹುದು, ಹಾಗೇ ಇರಲಿ, ಇನ್ನೊಂದು ಗಳಿಗೆ — ಡಾರ್ಲಾಳ ಕೈ, ಆ ಕೈ ಗಾಳಿಯಲ್ಲಿ ಏನನ್ನೋ ತಡಕಾಡುತ್ತಿದೆ, ಟಿಕೆಟು ಕೆಳಗೆ ಬಿದ್ದವು, ಟೆಸ್ಸಾ ಆ ಕೈ ಹಿಡಿದುಕೊಂಡಳು. ಬರಲ್ಲ, ಅಂದಳು. ಇದು ಯಾರ ದನಿ. ನನ್ನ ಗಂಡ. ಬರಲ್ಲ. ನವೆಂಬರಲ್ಲಿ ತೀರಿಹೋದ್ರು. ಇವರ ಮಗ. ಡಾರ್ಲಾ ಟೆಸ್ಸಾಳ ಭುಜಕ್ಕೆ ಹಣೆ ಹಚ್ಚಿದಳು, ಅವಳೊಳಗಿಂದ ಬರುವ ಶಬ್ದ ಭುಜದ ಮೂಳೆಗೇ ಕೇಳುತ್ತಿದೆ, ಅಂಗಿ ಒದ್ದೆಯಾಗುತ್ತಿದೆ, ಬಿಸಿ, ಬಿಸಿಯೆಂದು ಗೊತ್ತಾಗುತ್ತಿದೆ, ಹುಡುಗಿಗೆ ಏನು ಮಾಡಬೇಕೋ ತಿಳಿಯದೆ ಕೊಕ್ಕೆಯನ್ನು ಕಂಬದ ಬಳೆಗೆ ಸಿಕ್ಕಿಸಲು ನೋಡುತ್ತಾಳೆ, ತಾಗುತ್ತದೆ, ಜಾರುತ್ತದೆ, ಕಿಣಿ, ಮತ್ತೆ ತಾಗುತ್ತದೆ, ಜಾರುತ್ತದೆ, ಹಿತ್ತಾಳೆ ಕೊಕ್ಕೆ, ಬಳೆ, ಬಳೆಯ ಅಂಚಿಗೆ ಬಂದ ಕೊಕ್ಕೆ, ಅಲ್ಲೇ, ಕೊಕ್ಕೆ —