ಮಸಾಲೆಖಾರದ ಘಾಟು

ಚೈತ್ರದ ಬೆಳಗು! ಕಮರಿಪೇಟೆಯ ಮಾಳಿಗೆಗಳ ಮೇಲೆ ಹರಡಿದ ಒಣಮೆಣಸಿನಕಾಯಿಗಳ ಅರುಣಕಾಂತಿಯನ್ನು, ಎಳೆಬಿಸಿಲಲ್ಲಿ ತೇಲುವ ಕೆಂಧೂಳನ್ನು, ಬೇವಿನ ಹೂವಿನ ಮಂದಸೌರಭವನ್ನು ಏನೆಂದು ಬಣ್ಣಿಸಲಿ, ಸಹೃದಯರೇ... ಅಂಥ ರಮಣೀಯ ಪ್ರಭಾತದಲ್ಲೂ ಗೌರಕ್ಕ ಮುಖ ಊದಿಸಿಕೊಂಡಿದ್ದರು. ಅರವತ್ತೈದರ ಈ ಗೃಹಿಣಿ ಓಣಿಗೆಲ್ಲ ಮಸಾಲೆಖಾರ ಮಾಡಿಕೊಡುವವರು. ವಾರಕ್ಕೆರಡು ದಿನ ಮೆಣಸಿನಕಾಯಿ ಹುರಿಯಲು ನಿಂತರೆ ಸಾಕು, ಪತಿರಾಯರಾದ ಶಂಭುಲಿಂಗಪ್ಪನವರು ದುರ್ಗದಬೈಲಿನ ಪೇಟೆಯತ್ತ ಪರಾರಿ! ಸಂಜೆಗೇ ವಾಪಸು. ತನ್ನ ಕೈಗುಣದ ಮೇಲೆ ಈ ಮನುಷ್ಯನಿಗೆ ಕಿಂಚಿತ್ತೂ ಅಕ್ಕರೆಯಿಲ್ಲವೆಂಬ ವ್ಯಥೆ ನಲವತ್ತು ವರ್ಷಗಳಿಂದ ಆಕೆಯ ಅಂತರಂಗದಲ್ಲಿ ಹೆಪ್ಪುಗಟ್ಟಿತ್ತು.

ಅಂದು ಮೂರು ಮೆಟ್ಟಿಲು ಹತ್ತುವಷ್ಟರಲ್ಲೇ ಆಕೆಗೆ ಉಸಿರು ಕಟ್ಟಿತು. ಗಾಬರಿಯಾದ ಶಂಭುಲಿಂಗಪ್ಪ ಆಕೆಯನ್ನು ದೇಶಪಾಂಡೆ ನಗರದ ಡಾಕ್ಟರ್ ಆರತಿಯವರಲ್ಲಿಗೆ ಕರೆದೊಯ್ದರು. ಗೌರಕ್ಕ ತಮ್ಮ ಖಾರದ ಕೆಲಸವನ್ನು ಹೇಳಿ, ಉಸಿರಿನ ಬಲ ಅಳೆಯುವ ಕೊಳವೆಯಲ್ಲಿ ಊದಿದರು. ಡಾಕ್ಟರರ ಮುಖ ಸಪ್ಪಗಾಯಿತು.

"ಉಸಿರಿನ ಬಲ ಅರ್ಧಕ್ಕ ಇಳದದರಿ. ಹುರಿಯೂಮುಂದ ಖಿಡಕಿ ತಗೀತೀರಿಲ್ಲೋ?"

"ಇಲ್ರಿ, ಎಲ್ಲಾ ಮುಚ್ಚತೇನಿ. ಅಡಗಿಮನಿ ಖಿಡಕಿ ಎಲ್ಲಾ ಪಡಸಾಲಿ ಕಡೇನ ಅದಾವ್ರಿ. ಇವರಿಗೆ ಮೊದಲಿಂದ ಕೆಮ್ಮರಿ... ಸಂಜೀಕ ಮನಿಗೆ ಬಂದಾಗ ಪಡಸಾಲ್ಯಾಗ ಘಾಟು ಇರಬಾರದಲ್ರಿ."

ಶಂಭುಲಿಂಗಪ್ಪ ದಂಗಾದರು. "ಅಯ್ಯ ಹುಚ್ಚಿ! ನಾ ಇದ್ರ ನನ್ನ ಕೆಮ್ಮಿಗೆ ಅಂಜಿ ನೀ ಖಿಡಕಿ ತಗಿಯೂದಿಲ್ಲಂತನ ಹೊರಗ ಹೋಗತಿದ್ದೆ!"

ಆಹಾ, ಎಂಥ ಮಡ್ಡರು ಇಬ್ಬರೂ! ಒಬ್ಬರನ್ನೊಬ್ಬರು ಕಾಯುವ ಭರದಲ್ಲಿ ಒಂದು ಮಾತನ್ನೂ ಆಡದೆ ನಲವತ್ತು ವಸಂತಗಳನ್ನು ಕಳೆದಿದ್ದರು. ಗೌರಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಹೋದದ್ದು ಪೂರಾ ತಿರುಗಿ ಬರೂದಿಲ್ರಿ, ಉಳದದ್ದನ್ನ ಕಾಪಾಡಬಹುದು," ಎಂದರು ಡಾಕ್ಟರು. "ಮನ್ಯಾಗ ಹುರಿಯೂದು ಬಂದ್. ಬರೇ ರೊಟ್ಟಿ-ಖಾರ ಉಂಡ್ರ ಸಾಲೂದಿಲ್ಲ. ಹಸಿ ತಪ್ಪಲಾ, ಮೊಳಕಿ ಕಾಳು, ಪೇರಲಹಣ್ಣು ತಿನ್ರಿ. ಔಷಧ ತಪ್ಪಸಬ್ಯಾಡ್ರಿ."

"ಖಾರ ಬಿಟ್ರ ನಾ ಯಾತಕ್ಕ ಬೇಕ್ರಿ?" ಎಂದು ಕೇಳಿದರು ಗೌರಕ್ಕ.

"ಹುರಿಯೂದು ಗಿರಣ್ಯಾಗ ಮಾಡಸ್ತೇನಿ. ಮಸಾಲಿ ಹದಾ ನಿಂದ," ಎಂದರು ಶಂಭುಲಿಂಗಪ್ಪ.

ಆಮೇಲೆ ಪ್ರತಿ ಮುಂಜಾನೆ, ವಾಹನಗಳ ಹೊಗೆ ಏಳುವ ಮೊದಲೇ, ಉಣಕಲ್ ಕೆರೆಯ ದಂಡೆಯಲ್ಲಿ ಈ ವೃದ್ಧದಂಪತಿಗಳ ಮಂದಗಮನ! ಬುತ್ತಿಯಲ್ಲಿ ಹಕ್ಕರಿಕೆ ತಪ್ಪಲು, ಅದೇ ಹಸಿಸೊಪ್ಪು. ಗೊಣಗುತ್ತಲೇ ಆಕೆ ತಿನ್ನುತ್ತಿದ್ದರು. ಶ್ರಾವಣದ ತುಂತುರಿನಲ್ಲಿ ಮತ್ತೆ ಡಾಕ್ಟರಲ್ಲಿಗೆ ಹೋದಾಗ ಶಂಭುಲಿಂಗಪ್ಪ ತಾವೇ ಉಸಿರು ಬಿಗಿಹಿಡಿದು ನಿಂತರು. ಗೌರಕ್ಕ ಊದಿದರು... ಅಂಕಿ ಕೊಂಚ ಮೇಲೇರಿತ್ತು!

"ಇನ್ನ ಖಾರ ಮಾಡೂ ದಿನ ಎಲ್ಲೀ ಹೋಗಬ್ಯಾಡ್ರಿ," ಎಂದರಾಕೆ ಮೆಲ್ಲಗೆ.

"ನಿನ್ನ ಬಾಜೂಕನ ಕುಂದರತೇನಿ, ಗೌರಾ."

ಓದುಗರೇ, ಪ್ರೀತಿಸುವುದು ಮನುಷ್ಯನಿಗೆ ಎಂದೂ ಕಷ್ಟವಾಗಲಿಲ್ಲ. ಅದನ್ನು ಬಾಯಿಬಿಟ್ಟು ಹೇಳುವುದಕ್ಕೇ ನಾಚಿಕೆ... ಉಸಿರಿರುವಾಗಲೇ ಹೇಳಿಕೊಂಡ ಈ ಇಬ್ಬರು ಎಂಥ ಭಾಗ್ಯವಂತರು!