ಎನಿಡ್ ಸಗ್ಡನ್ ಕಾಯಿಸಿದ ಪಾಕ

೧
ಈ ಕಥೆಯನ್ನು ಎಲ್ಲಿಂದ ಶುರುಮಾಡಲಿ? ಯಾರ್ಕ್‌ಶೈರಿನಲ್ಲಿ ಮುಚ್ಚಿಹೋದ ಬಿಯರ್ ಕಾರ್ಖಾನೆಯ ಗೇಟಿನಿಂದಲೋ, ಅಲ್ಲಿ ದುಡಿದ ಎನಿಡ್ ಸಗ್ಡನ್‌ಳ ಅಡುಗೆಮನೆಯಿಂದಲೋ? ಗೇಟಿನಿಂದ ಹೊರಟರೆ ನಾನು ಘೋಷಣೆ ಕೂಗುತ್ತೇನೆ. (ಆ ಚಟ ನನಗಿದೆ.) ಹಾಗಾಗಿ ಅಡುಗೆಮನೆ.

೨ (ಹರಿದುಹಾಕಿದ ಕರಡು)
ಎಪ್ಪತ್ತು ದಾಟಿದ ಎನಿಡ್ ಕಾರ್ಖಾನೆಯ ಹಳೆಯ ಕಪ್ಪು ಬಿಯರನ್ನು ಮನೆಯಲ್ಲೇ ಮಾಡಹೊರಟಳು. ಅದಕ್ಕೆ ಬೇಕಾದ ಸಕ್ಕರೆ ಪಾಕ ಅಂಗಡಿಯಲ್ಲಿ ಸಿಗದು. ದೊಡ್ಡ ಕಾರ್ಖಾನೆಗಳಿಗೆ ಟನ್ನುಗಟ್ಟಲೆ ಮಾತ್ರ ಮಾರುತ್ತಾರೆ. ಕಣ್ಣೀರಿಡುತ್ತಾ ಅವಳು ಡಬ್ಬಿಯ ಕಾಕಂಬಿ ಸುರಿದಳು...

"ಕಾಕಂಬಿನಾ?" ಎನಿಡ್ ನನ್ನ ಹಾಳೆಯ ಮೇಲೆ ಬಗ್ಗಿದಳು. "ಡಾಂಬರು ಕುಡಿದ ಹಾಗಿರುತ್ತೆ ಕಣಯ್ಯ. ಮತ್ತೆ ಆ ಕಣ್ಣೀರು ಯಾರದ್ದು? ನಿನ್ನದಾದ್ರೆ ನಿನ್ನ ಲೋಟಕ್ಕೆ ಹಾಕ್ಕೋ."

೩
ಸರಿ. ಅವಳು ಮಾಡಿದ್ದು ಇಷ್ಟು: ಕಂದು ಕಬ್ಬಿನ ಸಕ್ಕರೆ, ನೀರು, ಒಂದಿಷ್ಟು ನಿಂಬೆರಸ, ಸಣ್ಣ ಉರಿ. ಮೂರೂವರೆ ಗಂಟೆ ಒಲೆಯ ಮುಂದಿನಿಂದ ಕದಲಲಿಲ್ಲ. ಪಾಕ ಜೇನಿನ ಬಣ್ಣ ದಾಟಿ, ಹಳೆಯ ಪಬ್ಬಿನ ಮೇಜಿನ ಬಣ್ಣಕ್ಕೆ ತಿರುಗಿದಾಗ ಇಳಿಸಿದಳು. ಕಾರ್ಖಾನೆಯ ಸಕ್ಕರೆ ಕೋಣೆಯಲ್ಲಿ ಮೂವತ್ತೊಂದು ವರ್ಷ, ಪಾಕದ ಲಾರಿ ಬಾರದ ವಾರಗಳಲ್ಲೆಲ್ಲ, ಅವಳು ಕಾಯಿಸುತ್ತಿದ್ದದ್ದೂ ಹೀಗೆಯೇ. ಕಾರ್ಖಾನೆಯ ಬಾಟಲಿಗೆ ಅಂಟಿಸಿದ ಚೀಟಿಯ ಮೇಲೆ ಮಾಲೀಕನ ತಾತನ ಮೀಸೆ ಇತ್ತು. ಸಕ್ಕರೆ ಕೋಣೆಯ ಹೆಂಗಸರ ಒಂದು ಬೆರಳೂ ಇರಲಿಲ್ಲ. (ಇಷ್ಟು ಘೋಷಣೆಯನ್ನಾದರೂ ಸಹಿಸಿಕೊಳ್ಳಿ.)

೪
ಶನಿವಾರ ಮಧ್ಯಾಹ್ನ, ಪಬ್ಬಿನ ಹಿಂಕೋಣೆ, ಮನೆಯಲ್ಲಿ ಬಿಯರ್ ಮಾಡುವವರ ಸಂಘದ ಸ್ಪರ್ಧೆ: ಎಲ್ಲರೂ ಆ ಮುಚ್ಚಿದ ಕಾರ್ಖಾನೆಯ ಕಪ್ಪು ಬಿಯರನ್ನೇ ಮಾಡಿ ತರಬೇಕು. ತೀರ್ಪುಗಾರ ಕ್ಲೈವ್ ಬಾಟಮ್ಲಿ, ಅದೇ ಕಾರ್ಖಾನೆಯಲ್ಲಿ ಬಿಯರ್ ತಯಾರಿಕೆಯ ಮುಖ್ಯಸ್ಥನಾಗಿದ್ದವನು. ಸಂಘದ್ದೊಂದು ರೂಢಿ: ಅಸಲು ಸಾಮಗ್ರಿ ಸಿಗದಿದ್ದರೆ, ಏನು ಹಾಕಿದಿರೆಂದು 'ಬದಲಿ' ಎಂಬ ಅಂಕಣದಲ್ಲಿ ಬರೆಯಬೇಕು. ಮಿಕ್ಕವರೆಲ್ಲ ಕಾಕಂಬಿ, ಡಬ್ಬಿ ಸಿರಪ್ ಎಂದು ವಿಧೇಯರಾಗಿ ಬರೆದಿದ್ದರು. ಎನಿಡ್ ಅಂಕಣಕ್ಕೇ ಅಡ್ಡಗೆರೆ ಎಳೆದಿದ್ದಳು.

ಕ್ಲೈವ್ ಒಂದು ಗುಟುಕು ಕುಡಿದ. ಇನ್ನೊಂದು ಗುಟುಕು.

"ಇದು ನಮ್ಮ ಬಿಯರೇ. ಪಾಕ ಎಲ್ಲಿ ಸಿಕ್ತು?"

"ಒಲೆ ಮೇಲೆ."

"ಹಾಗಾದ್ರೆ ಬದಲಿ ಅಂತ ಬರಿ ಮಾರಾಯ್ತಿ. ಇಲ್ದಿದ್ರೆ ಸ್ಪರ್ಧೆಯಿಂದ ತೆಗೀಬೇಕಾಗುತ್ತೆ."

"ಲಾರಿ ಬರದ ವಾರ ನಾನು ಇದನ್ನೇ ಕಾಯಿಸ್ತಿದ್ದೆ, ನೀನು ಕಣ್ಮುಚ್ಚಿ ಸಹಿ ಹಾಕ್ತಿದ್ದೆ. ಆಗ ಅಸಲು, ಈಗ ಬದಲಿನಾ? ಬರೆಯಲ್ಲ ಹೋಗು."

ಕ್ಲೈವ್ ಪೆನ್ನಿನ ಮುಚ್ಚಳ ತೆಗೆದ.

೫
ಈಗ ಅಂತ್ಯಗಳು.
ಅ) ಅವಳಿಗೇ ಮೊದಲ ಬಹುಮಾನ. (ಸಿಹಿ ಜಾಸ್ತಿ.)
ಆ) ಅವಳು ಸ್ಪರ್ಧೆಯಿಂದ ಹೊರಗೆ, ನಾನೊಂದು ಕರಪತ್ರ ಬರೆಯುತ್ತೇನೆ. (ನನಗೆ ಲಾಭ, ಅವಳಿಗೇನು?)
ಇ) ಕ್ಲೈವ್ ಆ ಅಂಕಣದಲ್ಲಿ 'ಅಸಲು' ಎಂದು ತಾನೇ ಬರೆಯುತ್ತಾನೆ.

ಎನಿಡ್ ನನ್ನ ಹಾಳೆಯ ಮೇಲೆ ಬಗ್ಗಿ ಮೂರನ್ನೂ ಓದಿದಳು. "ಮೂರರಲ್ಲೂ ಪೆನ್ನು ಗಂಡಸರ ಕೈಲೇ ಇದೆಯಲ್ಲಯ್ಯ."

ಓದುಗರೇ, ನಾಲ್ಕನೆಯ ಅಂತ್ಯಕ್ಕೆಂದು ನಾನು ಹೊಸ ಹಾಳೆ ತೆಗೆದೆ. ಅವಳು ಅದಕ್ಕೂ ಕಾಯಲಿಲ್ಲ, ತೀರ್ಪಿಗೂ ಕಾಯಲಿಲ್ಲ. ಉಳಿದ ಬಾಟಲಿಗಳನ್ನು ತೆರೆದು ಮೇಜಿಂದ ಮೇಜಿಗೆ ಸುರಿಯುತ್ತಾ ಹೋದಳು. "ಹಿಡೀರಿ, ಸಕ್ಕರೆ ಕೋಣೆಯದ್ದು."

ಕ್ಲೈವ್ ಏನೋ ಬರೆಯುತ್ತಿದ್ದ. ನಾನು ನೋಡಲಿಲ್ಲ. ನನ್ನ ಲೋಟ ತುಂಬುತ್ತಿತ್ತು.